ಬೆನ್ನಿನ ಪಾತ್ರ

ನನ್ನ ಬೆನ್ನನ್ನು ಹತ್ತು ಲಕ್ಷ ಜನ ನೋಡಿದ್ದಾರೆ. ಇದನ್ನು ಮೊದಲ ಮಾತಿನಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎರಡನೆಯ ಮಾತಿನ ಹೊತ್ತಿಗೆ ಅಪ್ಪ ಒಳಕೋಣೆಯಿಂದ “ಹತ್ತರಿಂದ ಭಾಗಿಸ್ಕೊಳ್ಳಿ” ಎನ್ನುತ್ತಾರೆ. ಆಮೇಲೆ ನಾನು ಏನು ಹೇಳಿದರೂ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ.

ಅಪ್ಪನ ಈ ಭಾಗಾಕಾರ ನಿನ್ನೆ ಮೊನ್ನೆಯದಲ್ಲ. ನನಗೆ ಏಳು ವರ್ಷವಾಗಿದ್ದಾಗ ಇಪ್ಪತ್ತು ನಾಯಿಗಳು ಅಟ್ಟಿಸಿಕೊಂಡು ಬಂದವೆಂದು ಅಳುತ್ತ ಮನೆಗೆ ಓಡಿಬಂದಿದ್ದೆ. ಅಪ್ಪ ನನ್ನ ಕಣ್ಣೀರು ಒರೆಸುವ ಮೊದಲು ಬೀದಿಗೆ ಇಣುಕಿ ನೋಡಿದರು. “ಎರಡಿವೆ. ಅದ್ರಲ್ಲೊಂದು ಕುಂಟ್ತಾ ಇದೆ” ಎಂದರು. ಮೂವತ್ತನಾಲ್ಕು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಮನುಷ್ಯ ಅವರು. ಟಿಕೆಟ್ ಇಲ್ಲದವನ ಕಿವಿಯ ಬಣ್ಣವೇ ಬೇರೆ ಎನ್ನುತ್ತಿದ್ದರು. ಅಜ್ಜಿಯ ವೇಷ ಹಾಕಿಕೊಂಡು ಅಜ್ಜಿಯ ಪಾಸಿನಲ್ಲಿ ವರ್ಷಗಟ್ಟಲೆ ಓಡಾಡುತ್ತಿದ್ದ ಗಂಡಸೊಬ್ಬನನ್ನು ಅವರು ಹಿಂದಿನಿಂದಲೇ, ಮುಖ ನೋಡದೆ ಹಿಡಿದಿದ್ದರು. ಹೇಗೆ ಅಂತ ಕೇಳಿದರೆ, “ಹೆಂಗಸರು ಬಸ್ಸಿನ ಕಂಬಿ ಹಿಡಿಯೋಕೆ ಮುಂಚೆ ಕೈಚೀಲ ಎಲ್ಲಿದೆ ನೋಡ್ಕೋತಾರೆ. ಇವನು ನೋಡ್ಲಿಲ್ಲ” ಎಂದಷ್ಟೇ ಹೇಳಿದರು. ಇಡೀ ಸಾರಿಗೆ ಇಲಾಖೆ ಆ ದಿನ ಅವರಿಗೆ ಎದ್ದುನಿಂತು ನಮಸ್ಕರಿಸಿತಂತೆ. ಈ ಕೊನೆಯ ವಾಕ್ಯ ನನ್ನದು, ಅವರದಲ್ಲ.

ಇಂಥ ಅಪ್ಪನಿಗೆ ತಮ್ಮದೇ ಇಲಾಖೆಯ ಬಸ್ಸು ಒಂದು ದಿನವೂ ಸರಿಯಾದ ಸಮಯಕ್ಕೆ ಸಿಕ್ಕಿದ್ದಿಲ್ಲ. ಅಮ್ಮನ ಬೀಗ ಅದಕ್ಕೆ ಕಾರಣ. ಇಬ್ಬರೂ ಹೊರಟರೆಂದರೆ ಅಪ್ಪ ಆಗಲೇ ಮೆಟ್ಟಿಲ ಕೆಳಗಿರುತ್ತಿದ್ದರು. ಅಮ್ಮ ಬಾಗಿಲೆಳೆದುಕೊಂಡು, ಕಾಲಿನಿಂದ ಕಾಲೊರಸನ್ನು ನೆಟ್ಟಗೆ ಮಾಡಿ, ಬೀಗ ಹಾಕಿ ಮೂರು ಸಲ ಜಗ್ಗುತ್ತಿದ್ದಳು. ಕೈಚೀಲವನ್ನು ಮೊಣಕೈಗೆ ಏರಿಸಿಕೊಂಡು ನಾಲ್ಕು ಹೆಜ್ಜೆ ಹೋಗುತ್ತಿದ್ದಳು. ಅಲ್ಲಿ ನಿಂತು, ಒಲೆಯ ಮೇಲೆ ಏನನ್ನೋ ಬಿಟ್ಟುಬಂದವಳ ಹಾಗೆ ಒಂದು ಕ್ಷಣ ಗಾಳಿಯನ್ನು ನೋಡಿ, ಮರಳಿ ಬಂದು ನಾಲ್ಕನೆಯ ಸಲ ಜಗ್ಗುತ್ತಿದ್ದಳು. ಆಗ ಕೆಳಗಿನಿಂದ ಅಪ್ಪನ ಗಂಟಲು ಏಳುತ್ತಿತ್ತು: “ಬೀಗಕ್ಕೂ ಜೀವ ಇದೆ, ಬಿಡೇ. ಸಾಕು.” ಓಡುವ ಬಸ್ಸಿನಲ್ಲಿ ಹಿಂದಿನ ಸೀಟಿನವನಿಗೂ ಕೇಳಿಸಿ ಅಭ್ಯಾಸವಾದ ಗಂಟಲು ಅದು. ಮೂರೂ ಮಹಡಿಯ ಜನ ಅದನ್ನು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ಇನ್ನು ಅಪ್ಪನಿಗೆ ಎಲ್ಲ ಬಸ್ಸೂ ಸಮಯಕ್ಕೆ ಸಿಗಬಹುದಿತ್ತು. ಅವರು ಎಲ್ಲಿಗೂ ಹೋಗುವುದನ್ನೇ ಬಿಟ್ಟರು.

ನನ್ನ ಆಸೆಗಳು ಬೆಟ್ಟದಷ್ಟಿವೆ. ಅವುಗಳ ತುದಿಯಲ್ಲಿರುವುದು ಒಂದೇ: ನಾನು ಹೇಳಿದ ಒಂದು ಮಾತನ್ನಾದರೂ ಅಪ್ಪ ಭಾಗಿಸದೆ ನಂಬಬೇಕು. ಅದಕ್ಕಾಗಿಯೇ ನಾನು ಚಿತ್ರರಂಗವನ್ನು ಪ್ರವೇಶಿಸಿದೆ.

ಪ್ರವೇಶಿಸಿದ್ದು ಹಿಂದಿನ ಬಾಗಿಲಿನಿಂದ. ಸಿನಿಮಾದವರಿಗೆ ಬಟ್ಟೆ ಹೊಲಿದುಕೊಡುವ ಅಂಗಡಿಯೊಂದರಲ್ಲಿ ನಾನು ದರ್ಜಿ. ಬಿಗಿಯಾದದ್ದನ್ನು ಸಡಿಲಿಸುವುದು, ಸಡಿಲವಾದದ್ದನ್ನು ಹಿಡಿಯುವುದು ನನ್ನ ವಿಭಾಗ. ನಾನಿಲ್ಲದಿದ್ದರೆ ಈ ದೇಶದ ಅರ್ಧ ನಟರು ಸೊಂಟದ ಪಟ್ಟಿ ಬಿಗಿಯಾಗಿ ಉಸಿರುಕಟ್ಟಿ ಸತ್ತಿರುತ್ತಿದ್ದರು. ಹೀರೋ ಒಬ್ಬನ ಭುಜ, ಬೆನ್ನು, ಸೊಂಟ ಎಲ್ಲವೂ ನನ್ನ ಅಳತೆಯವು. ನನ್ನವು ಅವನ ಅಳತೆಯವು ಎಂದು ಅಂಗಡಿಯ ಮಾಸ್ಟರು ಹೇಳುತ್ತಾರೆ. ಆದರೆ ನಾನು ಅವನಿಗಿಂತ ಮೂರು ತಿಂಗಳು ದೊಡ್ಡವನಾದ್ದರಿಂದ ನ್ಯಾಯ ನನ್ನ ಕಡೆಗಿದೆ. ಹೀರೋ ಬರುವ ತನಕ ಮಾಸ್ಟರು ಅವನ ಬಟ್ಟೆಗಳನ್ನು ನನಗೆ ತೊಡಿಸಿ, ನಿಲ್ಲಿಸಿ, ಗುಂಡುಪಿನ್ನು ಚುಚ್ಚುತ್ತಿದ್ದರು.

ಆಗ ತೆಗೆಯುತ್ತಿದ್ದುದು ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯಚಿತ್ರ. ಹೀರೋಗೆ ಹಿಂದೆ ಮುಂದೆ ಯಾರೂ ಇಲ್ಲ. ಹುಡುಗಿಯ ಮನೆಯವರು, “ಮಾತಾಡೋಕೆ ನಿಮ್ಮ ಹಿರಿಯರು ಯಾರನ್ನಾದ್ರೂ ಕರ್ಕೊಂಡು ಬಾ” ಎನ್ನುತ್ತಾರೆ. ಇವನು ತಾನೇ ತನ್ನ ಸೋದರತ್ತೆಯಾಗಿ ಹೊರಡುತ್ತಾನೆ. ಬೂದುಬಣ್ಣದ ಉದ್ದನೆಯ ಗೌನು, ಮೇಲೊಂದು ಉಣ್ಣೆಯ ಕೋಟು, ನರೆತ ವಿಗ್ಗು, ಸೊಂಟಕ್ಕೆ ಹತ್ತಿಯ ದಿಂಬು. ದಿಂಬು ಹೊಲಿದವನು ನಾನು. ಅಂಥ ಸೊಂಟವನ್ನು ಸೃಷ್ಟಿಕರ್ತನೂ ಹೊಲಿದಿರಲಿಕ್ಕಿಲ್ಲ.

ಇಂಥ ಚಿತ್ರಗಳಿಗೆ ಒಂದೇ ಒಂದು ಶಾಸ್ತ್ರವಿದೆ. ಪರದೆಯ ಒಳಗಿರುವವರಿಗೆ ಯಾರಿಗೂ ವೇಷ ಗೊತ್ತಾಗಬಾರದು. ಪರದೆಯ ಹೊರಗೆ ಕೂತವರಿಗೆ ಪ್ರತಿ ನಿಮಿಷವೂ ಗೊತ್ತಾಗುತ್ತಿರಬೇಕು. ವಿಗ್ಗು ಜಾರಬೇಕು, ಗಂಟಲು ದಪ್ಪಗಾಗಬೇಕು, ಅತ್ತೆ ಕುರ್ಚಿಯ ಮೇಲೆ ಕಾಲಗಲಿಸಿ ಕೂರಬೇಕು. ಹುಡುಗಿಯ ಅಪ್ಪ ಮಾತ್ರ ಕಣ್ಣಿದ್ದೂ ಕುರುಡನಾಗಿ, “ಎಂಥ ಸೌಮ್ಯ ಸ್ವಭಾವ” ಎಂದು ಮೆಚ್ಚಿಕೊಳ್ಳಬೇಕು. ಹೀರೋ ಈ ಶಾಸ್ತ್ರದಲ್ಲಿ ಪಂಡಿತ. ಅವನು ನಡೆದರೆ ಎರಡು ಮೂಟೆಗಳು ಜಗಳವಾಡಿಕೊಂಡು ಹೋದ ಹಾಗೆ ಕಾಣುತ್ತಿತ್ತು. ಕಾಫಿ ತಂದುಕೊಟ್ಟವರೂ ಬಿದ್ದು ಬಿದ್ದು ನಗುತ್ತಿದ್ದರು.

ಹಾಗೆ ನಡೆಯುತ್ತಲೇ ಒಂದು ಮಧ್ಯಾಹ್ನ ಅವನು ಎತ್ತರದ ಹಿಮ್ಮಡಿಯ ಶೂ ಹೊರಳಿಸಿಕೊಂಡು ಕಾಲು ಉಳುಕಿಸಿಕೊಂಡ. ಉಳಿದದ್ದು ಒಂದೇ ಶಾಟು: ಅತ್ತೆ ಮನೆಗೆ ಬೀಗ ಹಾಕಿ ಓಣಿಯಲ್ಲಿ ನಡೆದು ಹೋಗಬೇಕು. ಬೆನ್ನು ಮಾತ್ರ ಕಂಡರೆ ಸಾಕು. ಆ ಮನೆಯನ್ನು ಬಾಡಿಗೆಗೆ ಕೊಟ್ಟವರು ಸಂಜೆ ಐದಕ್ಕೆ ಬರುವವರಿದ್ದರು. ನಿರ್ದೇಶಕರ ಕಣ್ಣು ಇಡೀ ಗುಂಪನ್ನು ಸುತ್ತಿ ಬಂದು ನನ್ನ ಭುಜದ ಮೇಲೆ ನಿಂತಿತು.

“ಮಾಸ್ಟರೇ, ನಿಮ್ಮ ದರ್ಜಿಗೆ ನಡೆಯೋಕೆ ಬರುತ್ತಾ?”

“ನಡೀತಾನೆ ಸರ್. ಬಾಯಿ ಬಿಡೋ ಸೀನ್ ಮಾತ್ರ ಕೊಡ್ಬೇಡಿ” ಎಂದರು ಮಾಸ್ಟರು.

ನನಗೆ ಗೌನು ಸರಿಯಾಯಿತು, ಕೋಟು ಸರಿಯಾಯಿತು. ಎಡಗಾಲಿನ ಶೂ ಮಾತ್ರ ಬಿಗಿಯಾಗಿ ಹೆಬ್ಬೆರಳು ಒಳಗೇ ಮುದುಡಿಕೊಂಡಿತು. ಹೇಗೆ ಮಾಡಬೇಕೆಂದು ಯಾರೂ ಹೇಳಲಿಲ್ಲ. ಬೀಗ ಹಾಕಿ ಹೋಗಿ ಎಂದರು, ಅಷ್ಟೇ. ಬೀಗ ಹಾಕಿಕೊಂಡು ಹೋಗುವ ವಯಸ್ಸಾದ ಹೆಂಗಸು ಎಂದರೆ ನನಗೆ ಗೊತ್ತಿದ್ದುದು ಒಂದೇ ವಿಧಾನ. ಬಾಗಿಲೆಳೆದುಕೊಂಡೆ. ಕಾಲೊರಸು ಸೊಟ್ಟಗಿತ್ತು, ನೋಯದ ಬಲಗಾಲಿನಲ್ಲಿ ಸರಿ ಮಾಡಿದೆ. ಮೂರು ಸಲ ಜಗ್ಗಿದೆ. ಚೀಲ ಮೊಣಕೈಗೆ ಏರಿಸಿ, ನಾಲ್ಕು ಹೆಜ್ಜೆ ಹೋಗಿ, ನಿಂತು, ಬಂದು, ಇನ್ನೊಂದು ಸಲ ಜಗ್ಗಿ ಹೊರಟುಹೋದೆ.

ಕಟ್ ಎನ್ನುವುದನ್ನು ಯಾರೋ ಮರೆತರು. ನಾನು ಓಣಿಯ ತುದಿಯ ತನಕ ಹೋಗಿಬಿಟ್ಟೆ. ತಿರುಗಿ ಬರುವಾಗ ಲೈಟು ಹಿಡಿದಿದ್ದ ಹಿರಿಯ, “ಅಮ್ಮಾ, ನಿಧಾನ, ಕಾಲ ಕೆಳಗೆ ವೈರಿದೆ” ಎಂದು ಕೈಹಿಡಿದು ದಾಟಿಸಿದ. ದಾಟಿಸಿದ ಮೇಲೆ ನನ್ನ ಮೀಸೆ ನೋಡಿ ಕೈ ಕೊಡವಿಕೊಂಡ.

ನಿರ್ದೇಶಕರು ಹಣೆ ತಿಕ್ಕಿಕೊಳ್ಳುತ್ತಿದ್ದರು. “ಇದರಲ್ಲಿ ತಮಾಷೆ ಎಲ್ಲಿದೆ ರೀ?”

“ನೀವು ಬೀಗ ಹಾಕಿ ಅಂದ್ರಿ ಸರ್. ತಮಾಷೆ ಮಾಡಿ ಅನ್ಲಿಲ್ಲ.”

ಕಾಲಿಗೆ ಐಸು ಕಟ್ಟಿಕೊಂಡು ಕುರ್ಚಿಯಲ್ಲಿದ್ದ ಹೀರೋ ನನ್ನನ್ನು ಬಹಳ ಹೊತ್ತು ನೋಡಿದ. “ನಾನು ಮಾಡೋದು ಹೆಂಗಸಿನ ವೇಷ ಹಾಕಿದ ಗಂಡಸನ್ನ. ನೀವು ಹೆಂಗಸನ್ನೇ ಮಾಡಿಬಿಟ್ರಿ. ಅದು ಬೇರೆ ಕೆಲಸ ಮಾರಾಯ್ರೇ” ಎಂದ. ಮತ್ತೊಮ್ಮೆ ಮಾಡೋಣವೆನ್ನುವಷ್ಟರಲ್ಲಿ ಮನೆಯವರು ಬಂದರು. “ಇರಲಿ ಬಿಡಿ, ಹಿಂದೆ ತಮಾಷೆ ಮ್ಯೂಸಿಕ್ ಹಾಕೋಣ” ಎಂದು ನಿರ್ದೇಶಕರು ಕೈಚೆಲ್ಲಿದರು.

ಆ ಸಂಜೆ ನಾನು ನಿಜವನ್ನೇ ಹೇಳಿದೆ. ಇದನ್ನು ಓದುಗರು ಗಮನಿಸಬೇಕು.

“ಹೀರೋ ಕೈಲಿ ಆಗದ್ದನ್ನ ಇವತ್ತು ನಾನು ಮಾಡಿದೆ ಕಣೆ” ಎಂದೆ ಹೆಂಡತಿಗೆ.

“ಏನು, ಅವರ ಪ್ಯಾಂಟಿನ ಜಿಪ್ಪು ಹಾಕಿದ್ರಾ?”

“ಕ್ಯಾಮೆರಾ ಮುಂದೆ ಕಣೆ. ಅವನ ಬದಲು ನಾನು.”

ನಾನು ಕ್ಯಾಮೆರಾದ ಮುಂದೆಯೇ ಇದ್ದೆ. ಕ್ಯಾಮೆರಾ ನನ್ನ ಹಿಂದೆ ಇತ್ತು. ಎರಡೂ ನಿಜವೇ. ಮೊದಲನೆಯದನ್ನು ಹೇಳಿದೆ, ಎರಡನೆಯದನ್ನು ಅವಳು ಕೇಳಲಿಲ್ಲ. ಅವಳು ಪಕ್ಕದ ಮನೆಯ ಅಕ್ಕನಿಗೆ, “ಹೀರೋ ಬದಲು ನಮ್ಮವರನ್ನ ಹಾಕ್ಕೊಂಡಿದಾರೆ” ಎಂದಳು. ಅಕ್ಕ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗೆ, “ಹೀರೋನ್ನ ತೆಗೆದುಹಾಕಿದಾರಂತೆ” ಎಂದರು. ಕಾರ್ಯದರ್ಶಿ ಬರೆಯಲು ಏನೂ ಸಿಗದೆ ತಿಂಗಳಿನಿಂದ ಒದ್ದಾಡುತ್ತಿದ್ದ ಮನುಷ್ಯ. ಮರುದಿನ ನೋಟೀಸು ಬೋರ್ಡಿನಲ್ಲಿ, ನೀರಿನ ಟ್ಯಾಂಕು ತೊಳೆಯುವ ಪ್ರಕಟಣೆಗೂ ಲಿಫ್ಟು ಕೆಟ್ಟಿರುವ ಪ್ರಕಟಣೆಗೂ ನಡುವೆ, ಸೀಲು ಒತ್ತಿದ ಕಾಗದವೊಂದು ಕಾಣಿಸಿತು: “ನಮ್ಮ ಕಟ್ಟಡದ ಮೂರನೆಯ ಮಹಡಿಯ ನಿವಾಸಿಗಳು ನಾಯಕನಟರ ಸ್ಥಾನದಲ್ಲಿ ಅಭಿನಯಿಸಿರುವ ಚಿತ್ರವನ್ನು ಎಲ್ಲ ಸದಸ್ಯರೂ ಕಡ್ಡಾಯವಾಗಿ ಒಟ್ಟಾಗಿ ವೀಕ್ಷಿಸತಕ್ಕದ್ದು.”

ತಿದ್ದಬಹುದಿತ್ತು. ಆದರೆ ಸರ್ಕಾರಿ ಶೈಲಿಯಲ್ಲಿ ಹೊಗಳಿಸಿಕೊಂಡು ನೋಡಿ, ಆಮೇಲೆ ನನಗೆ ಬುದ್ಧಿ ಹೇಳಿ. ಲಿಫ್ಟು ಕೆಟ್ಟಿದ್ದರಿಂದ ಮೆಟ್ಟಿಲಲ್ಲಿ ಎದುರಾದವರೆಲ್ಲ ಗೋಡೆಗೆ ಅಂಟಿ ನನಗೆ ದಾರಿ ಬಿಡುತ್ತಿದ್ದರು. ಪಕ್ಕದ ಊರಿನಿಂದ ಭಾವಮೈದ ಫೋನು ಮಾಡಿ, ಎಂಟು ಜನ ಬರುತ್ತೇವೆ, ಎಂಟಕ್ಕೂ ಮಧ್ಯದ ಸೀಟೇ ಬೇಕು ಎಂದ.

ಅಪ್ಪ ನೋಟೀಸನ್ನು ಓದಲು ತಾವಾಗಿ ಕೆಳಗಿಳಿದು ಹೋದರು. ಎರಡು ವರ್ಷದಲ್ಲಿ ಅದೇ ಮೊದಲು. ಮೇಲೆ ಬಂದು, “ನಾಯಕನಟರ ಸ್ಥಾನದಲ್ಲಿ. ಹತ್ತರಿಂದ ಭಾಗಿಸಿದ್ರೆ ಬಾಗಿಲು ತೆಗೆಯೋ ಪಾತ್ರ” ಎಂದರು.

ತೆಗೆಯುವುದಲ್ಲ, ಹಾಕುವುದು. ಅವರ ಲೆಕ್ಕ ಅಷ್ಟು ಹತ್ತಿರ ಬಂದದ್ದಕ್ಕೆ ನನ್ನ ಬೆನ್ನು ತಣ್ಣಗಾಯಿತು.

“ನೀವೂ ಬನ್ನಿ ಅಪ್ಪ. ಕಣ್ಣಾರೆ ನೋಡಿ.”

“ಬರ್ತೀನಿ. ಟಿಕೆಟ್ ನೋಡ್ದೆ ಯಾರನ್ನೂ ಬಿಟ್ಟವನಲ್ಲ ನಾನು” ಎಂದು ಅವರು ಪೆಟ್ಟಿಗೆಯಿಂದ ಇಸ್ತ್ರಿ ಮಡಿಕೆ ಹೋಗದ ಅಂಗಿಯೊಂದನ್ನು ತೆಗೆದಿಟ್ಟರು.

ಚಿತ್ರ ತೆರೆಗೆ ಬರಲು ಎರಡು ತಿಂಗಳು ಹಿಡಿಯಿತು. ಶನಿವಾರ ಮಧ್ಯಾಹ್ನದ ಆಟ. ಒಂದಿಡೀ ಸಾಲು ನಮ್ಮದೇ. ಭಾವಮೈದ ನನ್ನ ಎಡಕ್ಕೆ, ಹೆಂಡತಿ ಬಲಕ್ಕೆ, ಅವಳಾಚೆ ಪಕ್ಕದ ಮನೆಯ ಅಕ್ಕ, ಅವರಾಚೆ ಅಪ್ಪ. ಕಾರ್ಯದರ್ಶಿ ಹಾಜರಿ ಪುಸ್ತಕ ತಂದಿದ್ದರು. ಚಿತ್ರ ಶುರುವಾಗಿ ಎರಡೇ ನಿಮಿಷಕ್ಕೆ ಹೀರೋ ಕಾಣಿಸಿಕೊಂಡ. ಕಾರ್ಯದರ್ಶಿ ಬಗ್ಗಿ ನನ್ನ ಕಡೆ ನೋಡಿದರು.

“ಇವನನ್ನ ತೆಗೆದುಹಾಕಿದಾರೆ ಅಂದ್ರಲ್ಲ?”

“ಸ್ವಲ್ಪ ತಾಳಿ.”

ಭಾವಮೈದನಿಗೆ ತಾಳ್ಮೆ ಎಂಬುದು ವಂಶದಲ್ಲೇ ಇಲ್ಲ. ಪರದೆಯ ಮೇಲೆ ಗಂಡಸಿನ ಆಕಾರ ಕಂಡಾಗಲೆಲ್ಲ ನನ್ನ ತೊಡೆ ಚಿವುಟಿದ. “ಭಾವ, ಆ ಪೊಲೀಸು ನೀವಾ?”

“ಅಲ್ಲ.”

“ಆ ಡ್ರೈವರು?”

“ಅಲ್ಲ.”

“ಪಾರ್ಕಿನಲ್ಲಿ ನಿಂತಿದ್ದ ಕಲ್ಲಿನ ವಿಗ್ರಹ?”

ಸುತ್ತ ಜನ ನಗುತ್ತಿದ್ದರು. ಹೀರೋ ಅತ್ತೆಯಾಗಿ ಬಂದು ಕುರ್ಚಿಯಲ್ಲಿ ಕೂತಾಗ ಇಡೀ ಚಿತ್ರಮಂದಿರ ಅಲುಗಿತು, ಎರಡು ಸೀಟಿನ ತಿರುಪು ಸಡಿಲವಾದವು. ಅಪ್ಪ ಮಾತ್ರ ನಗಲಿಲ್ಲ. “ಇದು ಗಂಡಸು. ಚೀಲ ನೋಡ್ಕೊಳ್ಲಿಲ್ಲ” ಎಂದು ಅಕ್ಕನಿಗೆ ವರದಿ ಒಪ್ಪಿಸಿದರು.

ಮುಕ್ಕಾಲು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಆ ಬಾಗಿಲು ಬಂತು.

“ನೋಡು, ಈಗ” ಎಂದೆ.

“ಎಲ್ಲಿ ಭಾವ? ಇಲ್ಲೊಬ್ಬಳು ಮುದುಕಿ ಮಾತ್ರ ಇದಾಳೆ.”

“ಅದೇ.”

“ಮುದುಕಿ ಹಿಂದೆ ಇದೀರಾ?”

“ಮುದುಕಿ ಒಳಗೆ ಇದೀನಿ ಮಾರಾಯ, ಸುಮ್ನೆ ನೋಡು.”

ಕಾಲೊರಸು ಸರಿಯಾಯಿತು. ಬೀಗ ಬಿತ್ತು. ಒಂದು, ಎರಡು, ಮೂರು. ಹಿಂದೆ ತಮಾಷೆಯ ತುತ್ತೂರಿ ಊದುತ್ತಲೇ ಇತ್ತು, ಆದರೆ ಅಷ್ಟು ಹೊತ್ತು ನಕ್ಕ ಜನ ತಟ್ಟನೆ ನಿಂತುಬಿಟ್ಟರು. ಯಾರೋ ಅಜ್ಜಿ ತನ್ನ ಪಾಡಿಗೆ ತಾನು ಹೊರಟಿದ್ದಾಳೆ, ಅವಳನ್ನು ನೋಡಿ ನಗುವುದು ಮರ್ಯಾದೆಯೇ ಎಂಬಂತೆ. ಹೆಂಡತಿ ನನ್ನ ತೋಳು ಹಿಡಿದಳು. ಪರದೆಯ ಮೇಲೆ ನಾಲ್ಕು ಹೆಜ್ಜೆ ಆಯಿತು. ಬೆನ್ನು ನಿಂತಿತು. ತಿರುಗಿ ಬಂತು. ಬೀಗಕ್ಕೆ ಕೈ ಹೋಯಿತು.

“ಬೀಗಕ್ಕೂ ಜೀವ ಇದೆ, ಬಿಡೇ. ಸಾಕು.”

ಬಸ್ಸಿನ ಗಂಟಲು. ಮೇಲಿನ ಬಾಲ್ಕನಿಗೂ ಕೇಳಿಸಿರಬೇಕು. ಒಂದು ಕ್ಷಣ ಎಲ್ಲರೂ ತಬ್ಬಿಬ್ಬಾಗಿ, ಆಮೇಲೆ ಇಡೀ ಚಿತ್ರಮಂದಿರ ಒಂದೇ ಸಲಕ್ಕೆ ನಕ್ಕುಬಿಟ್ಟಿತು. ಆ ಸೀನಿಗೆ ಸಿಕ್ಕ ನಗು ಅದೊಂದೇ. ಅಪ್ಪ ಸುತ್ತಮುತ್ತ ನೋಡಿದರು, ಯಾರಪ್ಪ ಇದು ಸಿನಿಮಾದಲ್ಲಿ ಗಲಾಟೆ ಮಾಡುವವರು ಎಂಬಂತೆ.

ಮಧ್ಯಂತರದಲ್ಲಿ ನನ್ನನ್ನು ಹೊರಗಿನ ಮೊಗಸಾಲೆಯ ಕಂಬಕ್ಕೆ ಒತ್ತಿ ವಿಚಾರಣೆ ನಡೆಯಿತು.

“ಇನ್ನೂ ಬಂದಿಲ್ವಲ್ಲ ನಾಯಕನಟರು?” ಎಂದರು ಕಾರ್ಯದರ್ಶಿ.

“ಬಂದು ಹೋದೆ ಸರ್. ಬೀಗ ಹಾಕಿದ್ದು ನಾನೇ.”

“ಅದು ಹೆಂಗಸು ರೀ. ಅರವತ್ತು ವರ್ಷ ಬದುಕಿದೀನಿ, ಹೆಂಗಸು ಅಂದ್ರೆ ಹೆಂಗಸು ಅಂತ ನನಗೆ ಗೊತ್ತಾಗಲ್ವಾ?”

ಪಕ್ಕದ ಮನೆಯ ಅಕ್ಕ ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಅಮ್ಮನ ಜೊತೆ ಇಪ್ಪತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವರು ಅವರು. “ಎಲ್ಲಿ ಸಿಕ್ಕಳೋ ಆ ಹೆಂಗಸು ಅವರಿಗೆ. ಥೇಟ್ ನಿಮ್ಮಮ್ಮ ಕಣಪ್ಪ.”

“ಅಕ್ಕಾ, ಅದು ನಾನೇ.”

“ನೀನು ಸುಮ್ನಿರು. ಎಲ್ಲದಕ್ಕೂ ನಾನೇ ನಾನೇ ಅಂತೀಯ. ಇದಕ್ಕಾದ್ರೂ ಬಿಡು.”

ಒಂದು ಜೀವಮಾನ ಪೂರ್ತಿ ಸುಳ್ಳು ಹೇಳಿ ನಂಬಿಸಿದ್ದೇನೆ. ನಿಜ ಹೇಳಿದ ಒಂದೇ ದಿನ ನನಗೆ ಸಾಕ್ಷಿ ಬೇಕಾಯಿತು. “ಮಾಡಿ ತೋರಿಸಿ ಹಾಗಾದ್ರೆ” ಎಂದ ಭಾವಮೈದ. ಅಕ್ಕನ ಕೈಚೀಲ ಇಸಿದುಕೊಂಡು, ಟಿಕೆಟ್ ಕಿಟಕಿಯ ಬಾಗಿಲನ್ನೇ ಬಾಗಿಲೆಂದು ಭಾವಿಸಿ, ಎಲ್ಲರ ಎದುರಿಗೆ ಮಾಡಿದೆ. ಏನಾಯಿತೋ ಕಾಣೆ. ಮೈಯೆಲ್ಲ ಕಣ್ಣಾಗಿ, ಸೊಂಟ ಎಲ್ಲೋ ಹೋಗಿ, ಭುಜ ಎಲ್ಲೋ ಉಳಿಯಿತು. ಎರಡು ಮೂಟೆಗಳು ಜಗಳವಾಡಿಕೊಂಡು ಹೋದವು. ಪಾಪ್‌ಕಾರ್ನ್ ಸಾಲಿನಲ್ಲಿದ್ದ ಅಪರಿಚಿತರೂ ಚಪ್ಪಾಳೆ ತಟ್ಟಿ ನಕ್ಕರು. ಶಾಸ್ತ್ರದ ಪ್ರಕಾರ ಅದು ಅತ್ಯುತ್ತಮ ಅಭಿನಯ.

ಕೊನೆಗೆ ಕಾರ್ಯದರ್ಶಿ ಅಪ್ಪನ ಕಡೆ ತಿರುಗಿದರು. “ಯಜಮಾನರೇ, ನೀವು ವೇಷ ಹಾಕಿದವನನ್ನ ಹಿಂದಿನಿಂದಲೇ ಹಿಡಿದವರು. ನೀವು ಹೇಳಿದ್ದೇ ತೀರ್ಪು. ಅದು ನಿಮ್ಮ ಮಗನಾ?”

ನಾನು ಕೈಚೀಲ ಹಿಡಿದು ನಿಂತೇ ಇದ್ದೆ. ಅಪ್ಪ ನನ್ನ ಕಿವಿಯನ್ನು ನೋಡಿದರು. ಅದರ ಬಣ್ಣ ಸರಿಯಾಗಿಯೇ ಇದ್ದಿರಬೇಕು.

“ಅಲ್ಲ” ಎಂದರು. “ಅದು ಇವನಲ್ಲ.”

ಹಾಗೆಂದು ಒಳಗೆ ಹೋಗಿ ತಮ್ಮ ಸೀಟಿನಲ್ಲಿ ಕೂತರು.

ಮುಂದಿನ ಅವಮಾನಗಳನ್ನು ವಿವರಿಸಲು ಒಂದು ಗ್ರಂಥಾಲಯವೇ ಬೇಕು. ಕಾರ್ಯದರ್ಶಿ ಹಳೆಯ ನೋಟೀಸು ಕಿತ್ತು, “ಸದರಿ ಪ್ರಕಟಣೆಯನ್ನು ಹಿಂಪಡೆಯಲಾಗಿದೆ” ಎಂದು ಹೊಸದು ಅಂಟಿಸಿದರು, ಸೀಲು ಎರಡು ಸಲ ಒತ್ತಿ. ಭಾವಮೈದ ತನ್ನ ಊರಿನಲ್ಲಿ ನನ್ನ ನಡಿಗೆ ಮಾಡಿ ತೋರಿಸಿ ಹೆಸರುವಾಸಿಯಾದ. ಮೆಟ್ಟಿಲಲ್ಲಿ ಯಾರೂ ಗೋಡೆಗೆ ಅಂಟಲಿಲ್ಲ. ಹೆಂಡತಿಯನ್ನು ಕೇಳಿದೆ:

“ನೀನಾದ್ರೂ ನಂಬ್ತೀಯಾ?”

“ನಂಬಿದ್ದೆ. ತೋಳು ಹಿಡಿದೆನಲ್ಲ” ಎಂದಳು ಅವಳು. “ಆದ್ರೆ ಮಾವನೋರು ಅಲ್ಲ ಅಂದ್ಮೇಲೆ ನಾನು ಹೌದು ಅನ್ನೋಕಾಗುತ್ತೇನ್ರೀ?”

ಒಂದು ಬದಲಾವಣೆ ಮಾತ್ರ ಆಯಿತು. ಅಪ್ಪ ದಿನಾ ಮಧ್ಯಾಹ್ನ ಊಟ ಮುಗಿಸಿ, ಆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡತೊಡಗಿದರು. ಎಲ್ಲಿಗೆ ಎಂದರೆ, “ಕಾಲಾಡಿಸಿಕೊಂಡು ಬರ್ತೀನಿ” ಎನ್ನುವರು. ಸಂಜೆ ನಾಲ್ಕಕ್ಕೆ ಮನೆಯಲ್ಲಿರುವರು. ಎರಡು ವರ್ಷ ಹೊಸಿಲು ದಾಟದವರು ಹೊರಗೆ ಹೋಗುತ್ತಿದ್ದಾರೆಂದು ಹೆಂಡತಿಗೆ ಸಮಾಧಾನ. ನನಗೆ ಅವರ ಜೊತೆ ಮಾತು ಬಿಟ್ಟು ಕೂತಿರುವ ಸಂಭ್ರಮ, ಕೇಳಲಿಲ್ಲ.

ಹನ್ನೆರಡನೆಯ ದಿನ ಚಿತ್ರಮಂದಿರದ ಗೇಟಿನವನೇ ನಮ್ಮ ಅಂಗಡಿಗೆ ಬಂದ, ಪ್ಯಾಂಟು ಸಡಿಲಿಸಲು. ಸೊಂಟ ಅಳೆಯುತ್ತಿದ್ದಾಗ ಅವನು, “ಅವತ್ತು ಟಿಕೆಟ್ ಕಿಟಕಿ ಹತ್ರ ಚೀಲ ಹಿಡ್ಕೊಂಡು ಕುಣಿದವರು ನೀವೇ ಅಲ್ವಾ?” ಎಂದ. ಕೀರ್ತಿ ಎಲ್ಲೆಲ್ಲಿ ಕಾಯುತ್ತದೆ ನೋಡಿ. “ನಿಮ್ಮ ತಂದೆಯವರು ದಿನಾ ಬರ್ತಾರೆ. ಮುಕ್ಕಾಲು ಗಂಟೆ ಕೂತ್ಕೋತಾರೆ, ಎದ್ದು ಹೋಗ್ತಾರೆ. ನಮ್ಮ ಮ್ಯಾನೇಜರಿಗೆ ಭಯ ಆಗಿದೆ, ಏನೋ ತಪಾಸಣೆಗೆ ಕಳಿಸಿರ್ಬೇಕು ಇವರನ್ನ ಅಂತ. ಇವತ್ತೇ ಕೊನೇ ದಿನ, ನಾಳೆ ಬೇರೆ ಪಿಚ್ಚರು. ಸ್ವಲ್ಪ ಹೇಳಿಬಿಡಿ ಅವರಿಗೆ.”

ಟೇಪನ್ನು ಅವನ ಸೊಂಟದಲ್ಲೇ ಬಿಟ್ಟು ಓಡಿದೆ.

ಚಿತ್ರಮಂದಿರದಲ್ಲಿ ಒಂಬತ್ತು ಜನರಿದ್ದರು. ಇದನ್ನು ನಾನು ಎಣಿಸಿ ಹೇಳುತ್ತಿದ್ದೇನೆ. ಅಪ್ಪ ಅವತ್ತಿನ ಸೀಟಿನಲ್ಲೇ ಕೂತಿದ್ದರು. ಪಕ್ಕದಲ್ಲಿ ಕೂತೆ. ನನ್ನ ಕಡೆ ತಿರುಗಲಿಲ್ಲ. ಬಾಗಿಲು ಬಂತು, ಕಾಲೊರಸು, ಬೀಗ, ಮೂರು, ನಾಲ್ಕು ಹೆಜ್ಜೆ, ಮರಳಿ ಒಂದು. ಅಪ್ಪನ ತುಟಿ ಅಲುಗಿತು, ಗಂಟಲು ಏಳಲಿಲ್ಲ. ಬೆನ್ನು ಓಣಿಯಲ್ಲಿ ಹೋಗಿ ಹೋಗಿ ಚಿಕ್ಕದಾಯಿತು. ಅಪ್ಪ ಎದ್ದರು. ನಾನೂ ಎದ್ದೆ.

ನಾಳೆಯಿಂದ ಇದು ಇರುವುದಿಲ್ಲ ಎಂದು ಹೇಳಬೇಕಿತ್ತು. ಹೊರಗೆ ಗೋಡೆಗೆ ಆಗಲೇ ಬೇರೆ ಪೋಸ್ಟರು ಅಂಟಿಸುತ್ತಿದ್ದರು. ಅಪ್ಪ ಅದನ್ನು ನೋಡಿದರು, ನಡೆದರು. ಎರಡು ಬೀದಿ ದಾಟಿದೆವು.

“ಬಲಗಾಲು” ಎಂದರು ಆಮೇಲೆ.

“ಏನಪ್ಪಾ?”

“ಕಾಲೊರಸನ್ನ ಬಲಗಾಲಲ್ಲಿ ಸರಿ ಮಾಡಿದೀಯ. ಅವಳದು ಎಡಗಾಲು.”

ನಾನು ಬೀದಿಯ ಮಧ್ಯದ ಲೈಟುಕಂಬದ ಹಾಗೆ ನಿಂತುಬಿಟ್ಟೆ. “ಎಡಗಾಲಿನ ಶೂ ಬಿಗಿ ಇತ್ತಪ್ಪ. ಹೀರೋದು ಚಿಕ್ಕ ಪಾದ.”

“ನೆಪ ಹೇಳ್ಬೇಡ. ದರ್ಜಿ ನೀನು, ಸಡಿಲ ಮಾಡ್ಕೋಬೇಕಿತ್ತು.”

“ಗೊತ್ತಿತ್ತಲ್ಲ ನಿಮಗೆ ನಾನೇ ಅಂತ. ಅವತ್ತು ಯಾಕೆ ಅಲ್ಲ ಅಂದ್ರಿ?”

ಅಪ್ಪ ಸ್ವಲ್ಪ ದೂರ ಹೋಗಿ ನಿಂತು, ನಾನು ಹತ್ತಿರ ಬರುವ ತನಕ ಕಾದರು.

“ಎರಡು ವರ್ಷ ಆದ್ಮೇಲೆ ಕಣ್ಣೆದುರು ಬೀಗ ಜಗ್ತಾ ಇದಾಳೆ. ಅಷ್ಟು ಜನರ ಮುಂದೆ ಅವಳನ್ನ ನೀನು ಅಂತ ಹೇಗೋ ಹೇಳ್ಲಿ?”

ಮನೆಯ ಬಾಗಿಲಿಗೆ ಬೀಗವಿತ್ತು. ಹೆಂಡತಿ ಸಂತೆಗೆ ಹೋಗಿದ್ದಳು. ನಾನು ಕೀಲಿ ತೆಗೆಯುವಷ್ಟರಲ್ಲಿ ಅಪ್ಪ ಕೈ ಅಡ್ಡ ಹಿಡಿದು, “ಇಲ್ಲಿ ನೋಡ್ಕೊ” ಎಂದರು. ಎಪ್ಪತ್ತಾರು ವರ್ಷದ ಮನುಷ್ಯ, ಇಸ್ತ್ರಿ ಅಂಗಿ, ಕಪ್ಪು ಪ್ಯಾಂಟು, ನೆತ್ತಿಯಲ್ಲಿ ಒಂದು ಕೂದಲಿಲ್ಲ. ಎಡಗಾಲಿನ ಹೆಬ್ಬೆರಳನ್ನು ಕಾಲೊರಸಿನ ಮೂಲೆಗೆ ಕೊಟ್ಟು ಒಂದೇ ಒಂದು ಸಲ ತಿರುಗಿಸಿದರು. ಬೀಗವನ್ನು ಮೂರು ಸಲ ಜಗ್ಗಿದರು. ಇಲ್ಲದ ಚೀಲವನ್ನು ಮೊಣಕೈಗೆ ಏರಿಸಿಕೊಂಡು ಮೆಟ್ಟಿಲ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ಗಾಳಿಯನ್ನು ನೋಡಿ, ಮರಳಿ ಬಂದರು. ವಿಗ್ಗಿಲ್ಲ, ಗೌನಿಲ್ಲ, ನಾನು ಹೊಲಿದ ಸೊಂಟವಿಲ್ಲ. ನನ್ನ ಅಭಿನಯ ಅದರ ಕಾಲ ಧೂಳಿಗೂ ಸಮವಲ್ಲ. ಈ ಕಥೆಯಲ್ಲಿ ಎಲ್ಲವನ್ನೂ ಹತ್ತರಿಂದ ಗುಣಿಸಿ ಹೇಳಿದ್ದೇನೆ. ಇದೊಂದನ್ನು ಗುಣಿಸಿಲ್ಲ.

ನಾಲ್ಕನೆಯ ಸಲ ಬೀಗ ಜಗ್ಗಿದ ಅಪ್ಪ ಅದನ್ನು ಬಿಡಲಿಲ್ಲ. ಹಿಡಿದುಕೊಂಡೇ ನಿಂತರು. ಏನೋ ಬಾಕಿ ಇದೆ ಎಂಬಂತೆ ನಿಂತರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು: ಆ ಸೀನಿನಲ್ಲಿ ಇನ್ನೊಂದು ಪಾತ್ರವಿದೆ, ಅದರ ಮಾತು ಇನ್ನೂ ಬಂದಿಲ್ಲ.

ಹುಟ್ಟಿದಾಗಿನಿಂದ ಅಪ್ಪನನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ ನಾನು. ಅರ್ಧ ಮೆಟ್ಟಿಲು ಇಳಿದು ನಿಂತು ಹೇಳಿದೆ.

“ಬೀಗಕ್ಕೂ ಜೀವ ಇದೆ, ಬಿಡೇ. ಸಾಕು.”

ಅಪ್ಪ ಬೀಗ ಬಿಟ್ಟರು.

ಸ್ವಲ್ಪ ಹೊತ್ತು ಅವರ ಬೆನ್ನು ಹಾಗೇ ನನ್ನ ಕಡೆಗಿತ್ತು. ಆಮೇಲೆ ತಿರುಗದೆಯೇ ಕೇಳಿದರು:

“ಇಷ್ಟು ಜೋರಾಗಿ ಹೇಳ್ತಿದ್ನೇನೋ ನಾನು?”

ನಾನು ಹೇಳಿದ್ದು ಎದುರುಮನೆಗೂ ಕೇಳಿಸಿರಲಿಕ್ಕಿಲ್ಲ. ಅವರ ಗಂಟಲಿನ ಹತ್ತರಲ್ಲಿ ಒಂದು ಪಾಲೂ ಅಲ್ಲ.

“ಇಲ್ಲಪ್ಪ” ಎಂದೆ. “ನಾನೇ ಸ್ವಲ್ಪ ಜಾಸ್ತಿ ಮಾಡಿದೆ.”

“ಅದೇ ಅಂದ್ಕೊಂಡೆ” ಎಂದರು ಅಪ್ಪ. ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಬಾಗಿಲು ತೆರೆದು ಒಳಗೆ ಹೋದರು.